ವಾರದೊಳಗೆ ಮರೆತುಹೋಗುವ ಉಪಕಾರ
ದಿನಕ್ಕೊಂದು ಸಣ್ಣ ಉಪಕಾರ ಮಾಡೋಣವೆಂದು ಹೊರಟರೆ ವಾರದೊಳಗೆ ಮರೆತುಹೋಗುತ್ತದೆ, ಜೊತೆಗೆ ಎದುರಿನವರು ಏನಂದುಕೊಳ್ಳುತ್ತಾರೋ ಎಂಬ ಮುಜುಗರ ಬೇರೆ ಎಂದಿದ್ದೀರಿ. ಮರೆವಿನದು ದೊಡ್ಡ ವಿಷಯವಲ್ಲ. ಲೆಕ್ಕ ಇಡುವುದನ್ನು ಬಿಟ್ಟು, ಹೇಗೂ ಮಾಡುವ ಕೆಲಸಕ್ಕೆ ಅದನ್ನು ಗಂಟು ಹಾಕಿ. ಲಿಫ್ಟ್ ಹತ್ತಿದ ಮೇಲೆ ಗುಂಡಿ ಒತ್ತುವ ಮುನ್ನ ಯಾರಾದರೂ ಬರುತ್ತಿದ್ದಾರಾ ಅಂತ ಒಮ್ಮೆ ನೋಡುವುದು, ಅಷ್ಟೇ.

ಮುಜುಗರಕ್ಕೆ ಬರೋಣ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಚಳಿಯಲ್ಲಿ ಐಸ್ ಸ್ಕೇಟಿಂಗ್‌ಗೆ ಬಂದ ಕೆಲವರು ತಮಗೆ ಸಿಕ್ಕ ಹಾಟ್ ಚಾಕೊಲೇಟನ್ನು ಅಪರಿಚಿತರಿಗೆ ಬಿಟ್ಟುಕೊಟ್ಟರು. ಪಡೆದವರಿಗೆ ಆದ ಖುಷಿ, ಕೊಟ್ಟವರು ಅಂದಾಜಿಸಿದ್ದಕ್ಕಿಂತ ಹೆಚ್ಚಿತ್ತು. ಕೊಡುವವರು ವಸ್ತುವಿನ ಬೆಲೆ ನೋಡುತ್ತಾರೆ, ಪಡೆಯುವವರಿಗೆ ನಾಟುವುದು ಆ ಆತ್ಮೀಯತೆ. ಹಾಗಾಗಿ ನಿಮ್ಮ ಅಳುಕಿನ ಮಾತನ್ನು ಪೂರ್ತಿ ನಂಬಬೇಡಿ.

ಇನ್ನೊಂದು, ಕಷ್ಟದಲ್ಲಿರುವವರಿಗೆ ‘ಏನಾದರೂ ಬೇಕಿದ್ದರೆ ಹೇಳಿ’ ಅನ್ನಬೇಡಿ, ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ‘ನಾಳೆ ನಿಮ್ಮ ಮಗೂನ ಶಾಲೆಗೆ ನಾನೇ ಬಿಟ್ಟು ಬರ್ಲಾ?’ ಎಂದು ಕೇಳಿ ನೋಡಿ. ಬೇಡ ಅಂದರೆ ಒತ್ತಾಯ ಬೇಡ. ಮಾಡಿದ್ದನ್ನು ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವುದಂತೂ ಬೇಡವೇ ಬೇಡ (ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ).