ಒಂದೂವರೆ ತಿಂಗಳ ಬೀದಿ ನಾಯಿಮರಿಯನ್ನು ಮನೆಗೆ ತಂದಿದ್ದೇವೆ, ಮೊದಲು ಏನು ಮಾಡಬೇಕು?

ಬೀದಿಯಲ್ಲಿದ್ದ ಮರಿಗೆ ಮನೆ ಕೊಟ್ಟಿದ್ದೀರಿ, ಓದಿ ತುಂಬಾ ಖುಷಿಯಾಯಿತು. ನೀವು ಕೇಳಿರುವುದು ಮೂರು ವಿಷಯ. ಲಸಿಕೆ ಯಾವಾಗ ಹಾಕಿಸಬೇಕು, ಹೊರಗೆ ಓಡಾಡಿಸಬಹುದಾ, ಊಟಕ್ಕೆ ಏನು ಕೊಡಬೇಕು. ಜೊತೆಗೆ, ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ ಅಂದಿದ್ದೀರಿ. ಹಾಸನದ ಆ ಮನೆಯಲ್ಲಿ ನಿಮಗಿಂತ ಮೊದಲು ಬಾಡಿಗೆಗಿದ್ದವರ ಮರಿ ಕೆಲವು ತಿಂಗಳ ಹಿಂದೆ ರಕ್ತಭೇದಿಯಾಗಿ ಸತ್ತಿತ್ತು ಅಂತಲೂ ಬರೆದಿದ್ದೀರಿ. ನನ್ನನ್ನು ಚಿಂತೆಗೆ ಹಚ್ಚಿದ್ದು ಈ ಕೊನೆಯ ಮಾತು. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ. ನಾನು ಡಾಕ್ಟರಲ್ಲ. ಬೀದಿ ಮರಿಗಳನ್ನು ಮನೆಯಲ್ಲಿಟ್ಟು ಸ್ವಲ್ಪ ಬೆಳೆಸಿ, ಸಾಕುವವರಿಗೆ ಒಪ್ಪಿಸುವ ಕೆಲಸ ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ.

ಮರಿಗಳಲ್ಲಿ ವಾಂತಿ, ರಕ್ತಭೇದಿ, ಎರಡು ಮೂರು ದಿನದಲ್ಲಿ ಸಾವು ಅಂದರೆ ಮೊದಲು ಅನುಮಾನ ಬರಬೇಕಾದದ್ದು ಪಾರ್ವೊ ವೈರಸ್ ಮೇಲೆ. ಇದು ತುಂಬಾ ಗಟ್ಟಿ ವೈರಸ್. ಸತ್ತ ಮರಿಯ ಮಲ ಬಿದ್ದ ಜಾಗದಲ್ಲಿ, ಅದರಲ್ಲೂ ನೆರಳಿನ ಮಣ್ಣಿನಲ್ಲಿ, ತಿಂಗಳುಗಟ್ಟಲೆ ಉಳಿಯಬಲ್ಲದು. ಒಂದು ವರ್ಷದವರೆಗೂ ಉಳಿದದ್ದುಂಟು. ನಾವು ನೆಲ ಒರೆಸುವ ಫಿನೈಲನ್ನು ಇದಕ್ಕೆ ನಂಬಬೇಡಿ. ಇದನ್ನು ಕೊಲ್ಲುವುದು ಕ್ಲೋರಿನ್ ಇರುವ ಬ್ಲೀಚ್. ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರವ ಒಂದು ಲೋಟಕ್ಕೆ 30 ಲೋಟ ನೀರು ಬೆರೆಸಿ. ಮೊದಲು ಸೋಪಿನ ನೀರಿನಿಂದ ನೆಲ ತೊಳೆಯಿರಿ, ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಬ್ಲೀಚ್ ನೀರು ಹಾಕಿ ಹತ್ತು ನಿಮಿಷ ಬಿಟ್ಟು, ಮತ್ತೆ ಚೆನ್ನಾಗಿ ನೀರು ಹಾಕಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚನ್ನು ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಹಳೆಯ ಮರಿಯ ತಟ್ಟೆ, ಗೋಣಿಚೀಲ, ಹಗ್ಗ ಏನಾದರೂ ಅಲ್ಲೇ ಉಳಿದಿದ್ದರೆ ಎಸೆದುಬಿಡಿ. ಅಂಗಳದ ಮಣ್ಣನ್ನು ಹೀಗೆ ತೊಳೆಯಲು ಆಗುವುದಿಲ್ಲ. ಹಾಗಾಗಿ ಲಸಿಕೆ ಮುಗಿಯುವವರೆಗೆ ಮರಿಯನ್ನು ಆ ಮಣ್ಣಿಗೆ ಬಿಡಲೇಬೇಡಿ. ಮನೆಯೊಳಗೆ, ಇಲ್ಲವೇ ತೊಳೆದ ತಾರಸಿ ಮೇಲೆ ಆಡಲಿ. ವೈರಸ್ ಚಪ್ಪಲಿಗೆ ಅಂಟಿಕೊಂಡೂ ಒಳಗೆ ಬರುತ್ತದೆ. ಚಪ್ಪಲಿ ಹೊರಗೇ ಬಿಡುವ ನಮ್ಮ ಮನೆಗಳ ರೂಢಿ ಇಲ್ಲಿ ದೊಡ್ಡ ಸಹಾಯ.

ಇನ್ನು ಲಸಿಕೆ. ನಾಳೆಯೇ ಮರಿಯನ್ನು ಡಾಕ್ಟರಿಗೆ ತೋರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ನಿಮಗೆ ಅದೊಂದು ಅನುಕೂಲ. ಜ್ವರ, ಭೇದಿ ಏನೂ ಇಲ್ಲದಿದ್ದರೆ ಈ ವಯಸ್ಸಿನಲ್ಲೇ ಮೊದಲ ಲಸಿಕೆ ಹಾಕುತ್ತಾರೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಕಿಸಬೇಕು. ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್, ಇಲಿ ಜ್ವರ ಎಲ್ಲವೂ ಸೇರಿದ ಲಸಿಕೆ ಅದು. ಈ ಸರಣಿಯ ಕೊನೆಯ ಡೋಸ್ ಮರಿಗೆ 16 ವಾರ ತುಂಬಿದ ಮೇಲೆ ಬೀಳಬೇಕು.

"ಎರಡು ಇಂಜೆಕ್ಷನ್ ಆಯ್ತಲ್ಲ, ಸಾಕು" ಅಂತ ನಿಲ್ಲಿಸುವವರನ್ನು ಬಹಳ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಾರಣ ಹೇಳುತ್ತೇನೆ. ಹುಟ್ಟಿದಾಗ ತಾಯಿಯ ಗಿಣ್ಣುಹಾಲಿನ ಮೂಲಕ ಮರಿಗೆ ರೋಗ ತಡೆಯುವ ಶಕ್ತಿ ಬಂದಿರುತ್ತದೆ. ಅದೇ ಶಕ್ತಿ ಲಸಿಕೆಯನ್ನೂ ಹೊಡೆದುಹಾಕುತ್ತದೆ. ತಾಯಿ ಕೊಟ್ಟದ್ದು ಒಂದು ಮರಿಯಲ್ಲಿ ಎಂಟು ವಾರಕ್ಕೆ ಮುಗಿಯಬಹುದು, ಇನ್ನೊಂದರಲ್ಲಿ ಹದಿನಾಲ್ಕು ವಾರದವರೆಗೂ ಇರಬಹುದು. ನಿಮ್ಮ ಮರಿಯಲ್ಲಿ ಅದು ಯಾವಾಗ ಕರಗುತ್ತದೆ ಅಂತ ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗದು. ಅದಕ್ಕೇ ಬಿಟ್ಟು ಬಿಟ್ಟು ಹಾಕುತ್ತಾ ಹೋಗುವುದು. ಕೊನೆಯ ಡೋಸ್ ತಪ್ಪಿದರೆ, ಹಿಂದೆ ಹಾಕಿಸಿದ್ದು ಒಂದೂ ಹಿಡಿಯದೆ ಹೋಗಿರುವ ಸಾಧ್ಯತೆ ಇದೆ. ಮೆಡಿಕಲ್ ಶಾಪಿನಿಂದ ಲಸಿಕೆ ತಂದು ಮನೆಯಲ್ಲೇ ಚುಚ್ಚುವವರೂ ಇದ್ದಾರೆ. ಅದು ಫ್ರಿಜ್ಜಿನ ತಂಪಿನಲ್ಲೇ ಇರಬೇಕಾದ ಔಷಧಿ. ಬಿಸಿಲಲ್ಲಿ ಬ್ಯಾಗಿನಲ್ಲಿ ಓಡಾಡಿದರೆ ಕೆಟ್ಟುಹೋಗುತ್ತದೆ. ಡಾಕ್ಟರ ಕೈಯಲ್ಲೇ ಹಾಕಿಸಿ, ಬಾಟಲಿಯ ಸ್ಟಿಕರ್ ಅನ್ನು ಕಾರ್ಡಿಗೆ ಅಂಟಿಸಿ ಸಹಿ ಮಾಡಿಸಿಕೊಳ್ಳಿ.

ಹಾಗಂತ ಮರಿಯನ್ನು ನಾಲ್ಕು ತಿಂಗಳು ತುಂಬುವವರೆಗೆ ಕೋಣೆಯಲ್ಲಿ ಕೂಡಿಹಾಕಬೇಡಿ. ಮೂರರಿಂದ ಹದಿನಾಲ್ಕು ವಾರದ ಒಳಗೆ ನೋಡಿದ್ದನ್ನು, ಕೇಳಿದ್ದನ್ನು ಮರಿ ಸಹಜ ಅಂತ ಒಪ್ಪಿಕೊಳ್ಳುತ್ತದೆ. ಆಗ ಏನೂ ನೋಡದ ಮರಿ ದೊಡ್ಡದಾದ ಮೇಲೆ ಬೈಕ್, ಛತ್ರಿ, ಹೊಸಬರು, ಎಲ್ಲದಕ್ಕೂ ಹೆದರಿ ಕಚ್ಚಲು ಹೋಗುತ್ತದೆ. ದಿನಾ ಸ್ವಲ್ಪ ಹೊತ್ತು ಎತ್ತಿಕೊಂಡೇ ಸುತ್ತಾಡಿಸಿ. ಬಸ್ಸಿನ ಹಾರ್ನ್, ಕುಕ್ಕರ್ ವಿಷಲ್, ತರಕಾರಿ ಗಾಡಿಯವರ ಕೂಗು ಎಲ್ಲ ಕೇಳಲಿ. ಕಾಲು ನೆಲಕ್ಕೆ ತಾಗದಿದ್ದರೆ ಆಯಿತು. ಬೇರೆ ನಾಯಿಗಳು ಮೂಸಲು ಬಂದರೆ ದೂರ ಸರಿಯಿರಿ.

ಈ ತಿಂಗಳುಗಳಲ್ಲಿ ಮರಿ ಮಂಕಾಗಿ ಮೂಲೆ ಸೇರಿ, ಊಟ ಬಿಟ್ಟು, ವಾಂತಿ ಮಾಡಿದರೆ "ಒಂದು ದಿನ ನೋಡೋಣ" ಅನ್ನಬೇಡಿ. ರಕ್ತ ಕಾಣುವವರೆಗೂ ಕಾಯಬೇಡಿ. ಪಾರ್ವೊದಲ್ಲಿ ಹೆಚ್ಚಾಗಿ ಮಂಕು, ವಾಂತಿ ಮೊದಲು, ಕೆಟ್ಟ ವಾಸನೆಯ ರಕ್ತಭೇದಿ ಆಮೇಲೆ. ಮೈಯ ನೀರೆಲ್ಲ ಹೋಗಿ ಮರಿ ಕುಸಿಯುತ್ತದೆ. ಈ ವೈರಸ್ ಕೊಲ್ಲಲು ಮನೆಮದ್ದು ಇಲ್ಲ. ವಾಂತಿ ಆಗುತ್ತಿರುವಾಗ ಬಾಯಿಗೆ ಬಲವಂತವಾಗಿ ಸಕ್ಕರೆ ನೀರು, ಮಜ್ಜಿಗೆ ಹಾಕಿದರೆ ವಾಂತಿ ಜಾಸ್ತಿಯಾಗುತ್ತದೆ, ಶ್ವಾಸಕೋಶಕ್ಕೂ ಹೋಗಬಹುದು. ಬೇಕಾದ್ದು ನರಕ್ಕೆ ಡ್ರಿಪ್, ವಾಂತಿ ನಿಲ್ಲಿಸುವ ಔಷಧಿ, ಬ್ಯಾಕ್ಟೀರಿಯಾ ಸೋಂಕು ತಡೆಯುವ ಇಂಜೆಕ್ಷನ್. ಬೇಗ ತಲುಪಿಸಿ ಚಿಕಿತ್ಸೆ ಮುಂದುವರಿಸಿದರೆ ಹೆಚ್ಚಿನ ಮರಿಗಳು ಉಳಿಯುತ್ತವೆ. ಸತ್ತೇ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ರಾತ್ರಿ ಹೊತ್ತು ಯಾವ ಆಸ್ಪತ್ರೆ ತೆರೆದಿರುತ್ತದೆ ಅಂತ ಈಗಲೇ ವಿಚಾರಿಸಿ, ನಂಬರ್ ಗೋಡೆಗೆ ಅಂಟಿಸಿಡಿ.

ಮಗಳ ವಿಷಯ. ರೇಬೀಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳು ತುಂಬಿದಾಗ ಹಾಕಿಸಿ, ಮುಂದಿನದು ಡಾಕ್ಟರು ಹೇಳಿದ ದಿನಕ್ಕೆ ತಪ್ಪಿಸಬೇಡಿ. ಜುಲೈ 6ರ ವಿಶ್ವ ಪ್ರಾಣಿಜನ್ಯ ರೋಗಗಳ ದಿನ, ಸೆಪ್ಟೆಂಬರ್ 28ರ ರೇಬೀಸ್ ದಿನಗಳಂದು ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಹಲವು ಕಡೆ ಉಚಿತವಾಗಿಯೂ ಹಾಕುತ್ತಾರೆ. ಆದರೆ ಮರಿಗೆ ಮೂರು ತಿಂಗಳು ತುಂಬುವವರೆಗಿನ ಆರು ವಾರ ಇದೆಯಲ್ಲ, ಅದರ ಬಗ್ಗೆ ಎಚ್ಚರ ಬೇಕು. ಮರಿ ಚಿಕ್ಕದು, ಅದಕ್ಕೆಲ್ಲಿಯ ಹುಚ್ಚು ಅನ್ನುವ ಮಾತು ತಪ್ಪು. ಬೀದಿಯಲ್ಲಿ ಹುಟ್ಟಿದ ಮರಿಗೂ ರೇಬೀಸ್ ತಗುಲಿರಬಹುದು. ಅದನ್ನು ಯಾವ ನಾಯಿ ಕಚ್ಚಿತ್ತೋ, ತಾಯಿ ಏನಾಯಿತೋ ನಿಮಗೆ ತಿಳಿಯದು. ಆಟವಾಡುತ್ತಾ ಹಲ್ಲು ತಾಗಿ ಚರ್ಮ ಗೀರಿದ್ದರೂ ತಕ್ಷಣ ನಲ್ಲಿ ನೀರಿನಡಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಕಾಫಿ ಪುಡಿ, ಸುಣ್ಣ ಏನೂ ಮೆತ್ತಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆ ಸಿಗುತ್ತದೆ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ರೋಗ ತಡೆಯುವ ಶಕ್ತಿಯನ್ನು ಸಿದ್ಧವಾಗಿಯೇ ಕೊಡುವ ಇಂಜೆಕ್ಷನ್) ಕೂಡ ಬೇಕಾಗುತ್ತದೆ, ಅದನ್ನೂ ಕೇಳಿ. ಮರಿ ತಂದ ಮೇಲೆ ಈಗಾಗಲೇ ಯಾರಿಗಾದರೂ ಹೀಗೆ ಗೀರಿದ್ದರೆ, ದಿನ ಕಳೆದಿದ್ದರೂ ಹೋಗಿ ತೋರಿಸಿ. ರೇಬೀಸಿನ ಲಕ್ಷಣ ಶುರುವಾದ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಗೀರಿದ್ದನ್ನು ಮನೆಯಲ್ಲಿ ಮುಚ್ಚಿಡಬಾರದು ಅಂತ ಮಗಳಿಗೆ ಪ್ರೀತಿಯಿಂದ ಹೇಳಿಕೊಡಿ. ಬೈಗುಳ ಬೀಳುತ್ತದೆ ಅನ್ನುವ ಭಯಕ್ಕೆ ಮಕ್ಕಳು ಹೇಳುವುದೇ ಇಲ್ಲ.

ಜಂತುಹುಳವೂ ಮಕ್ಕಳಿಗೆ ಸಂಬಂಧಪಟ್ಟದ್ದೇ. ಮರಿ ಹುಟ್ಟುವ ಮುಂಚೆಯೇ ತಾಯಿಯಿಂದ ಹುಳ ದಾಟಿರುತ್ತದೆ. ಹೊಟ್ಟೆ ಉಬ್ಬಿ ದುಂಡಗಿದ್ದರೆ ಪುಷ್ಟಿ ಅಂದುಕೊಳ್ಳಬೇಡಿ. ಔಷಧಿಯ ಅಳತೆ ತೂಕದ ಮೇಲೆ, ಹಾಗಾಗಿ ಮರಿಯನ್ನು ತೂಗಿಸಿಯೇ ಕೊಡಿ. ಈಗ ಎರಡು ವಾರಕ್ಕೊಮ್ಮೆ, ಮೂರು ತಿಂಗಳಾದ ಮೇಲೆ ತಿಂಗಳಿಗೊಮ್ಮೆ, ಆರು ತಿಂಗಳ ನಂತರ ಮೂರು ತಿಂಗಳಿಗೊಮ್ಮೆ. ಮಲವನ್ನು ಅಂದಂದೇ ತೆಗೆಯಿರಿ. ಮಗಳು ಊಟಕ್ಕೆ ಮುಂಚೆ ಕೈ ತೊಳೆಯಲಿ.

ಊಟ ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಮರಿಗಳ ಆಹಾರ ಅಂತ ಸಿಗುವುದನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡುವುದು ಸುಲಭ ದಾರಿ. ಮನೆ ಊಟವಾದರೆ ಮೆತ್ತಗಿನ ಅನ್ನಕ್ಕೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಸ್ವಲ್ಪ ಕುಂಬಳಕಾಯಿ ಅಥವಾ ಕ್ಯಾರೆಟ್ ಸೇರಿಸಿ. ಬರೀ ರಾಗಿ ಮುದ್ದೆ, ಹಾಲನ್ನದಲ್ಲಿ ಬೆಳೆದ ಮರಿಗಳ ಕಾಲು ಸೊಟ್ಟಗಾಗುವುದನ್ನು ನಮ್ಮ ಹಳ್ಳಿಗಳಲ್ಲಿ ನೋಡುತ್ತಲೇ ಇರುತ್ತೇವೆ, ಅಲ್ವಾ? ಬೆಳೆಯುವ ಮರಿಗೆ ಬೇಕಾದಷ್ಟು ಪ್ರೋಟೀನ್, ಡಿ ವಿಟಮಿನ್ ಅದರಲ್ಲಿಲ್ಲ. ನಾಯಿಗಳಿಗೆ ನಮ್ಮ ಹಾಗೆ ಬಿಸಿಲಿನಿಂದ ಡಿ ವಿಟಮಿನ್ ಮಾಡಿಕೊಳ್ಳಲೂ ಆಗುವುದಿಲ್ಲ, ಊಟದಿಂದಲೇ ಸಿಗಬೇಕು. ಮನೆ ಊಟವನ್ನೇ ನಂಬುವುದಾದರೆ ಕ್ಯಾಲ್ಸಿಯಂ ಎಷ್ಟು ಕೊಡಬೇಕು ಅಂತ ಡಾಕ್ಟರನ್ನು ಕೇಳಿ. ಹಸುವಿನ ಹಾಲು ಹಲವು ಮರಿಗಳಿಗೆ ಭೇದಿ ತರುತ್ತದೆ, ಮೊಸರು ಪರವಾಗಿಲ್ಲ.

ಅಡುಗೆಮನೆಯಲ್ಲಿ ವಿಷವಾಗುವ ಪದಾರ್ಥಗಳೂ ಇವೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಆದ್ದರಿಂದ ಉಳಿದ ಸಾರು, ಪಲ್ಯ ಹಾಕಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿ ಕೆಡಿಸುತ್ತವೆ. ಕೇಸರಿಬಾತಿನ ದ್ರಾಕ್ಷಿಯನ್ನು ಮಗಳು ಆರಿಸಿ ಕೊಡದ ಹಾಗೆ ನೋಡಿಕೊಳ್ಳಿ. ಚಾಕಲೇಟ್ ಬೇಡವೇ ಬೇಡ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಮನುಷ್ಯರ ಜ್ವರದ, ನೋವಿನ ಮಾತ್ರೆ ಕೂಡ ಕೊಡಬಾರದು.

ಉಣುಗಿನ ವಿಷಯದಲ್ಲಿ ಒಂದೇ ಮಾತು. ದನಕ್ಕೆ ಹಚ್ಚುವ ಔಷಧಿಯನ್ನು ಅಂದಾಜಿನಲ್ಲಿ ಮರಿಗೆ ಹಚ್ಚಬೇಡಿ. ನೆಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು. ಈಗ ಕೈಯಿಂದ, ಚಿಮುಟದಿಂದ ಹೆಕ್ಕಿ ತೆಗೆಯಿರಿ, ಮರಿಗೆ ಎಂಟು ವಾರ ತುಂಬಿದ ನಂತರ ತೂಕಕ್ಕೆ ತಕ್ಕ ಔಷಧಿಯನ್ನು ಡಾಕ್ಟರು ಬರೆದುಕೊಡುತ್ತಾರೆ. ಸ್ನಾನಕ್ಕೂ ಅವಸರ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಇಲಿ ಪಾಷಾಣ ಮನೆಯಲ್ಲಿದ್ದರೆ ಇವತ್ತೇ ತೆಗೆದುಹಾಕಿ. ಕಾರು ತೆಗೆಯುವ ಮುಂಚೆ ಚಕ್ರದ ಬಳಿ ಬಗ್ಗಿ ನೋಡುವ ಅಭ್ಯಾಸ ಮನೆಯವರೆಲ್ಲರಿಗೂ ಇರಲಿ.

ನಾಳೆ ಆಸ್ಪತ್ರೆಗೆ ಹೋಗುವಾಗ ಮರಿಯನ್ನು ಬುಟ್ಟಿಯಲ್ಲೋ ರಟ್ಟಿನ ಡಬ್ಬದಲ್ಲೋ ಇಟ್ಟುಕೊಳ್ಳಿ. ಕಾಯುವ ಜಾಗದ ನೆಲಕ್ಕೆ ಇಳಿಸಬೇಡಿ, ಕಾಯಿಲೆಯ ನಾಯಿಗಳು ಬರುವುದೇ ಅಲ್ಲಿಗೆ. ಸ್ವಲ್ಪ ಮಲವನ್ನು ಚಿಕ್ಕ ಡಬ್ಬಿಯಲ್ಲಿ ಒಯ್ಯಿರಿ, ಹುಳದ ಪರೀಕ್ಷೆಗೆ ಬೇಕಾಗಬಹುದು. ಹಳೆಯ ಮರಿ ಸತ್ತ ವಿಚಾರವನ್ನು ಡಾಕ್ಟರಿಗೆ ಮೊದಲೇ ಹೇಳಿ. ಲಸಿಕೆಯ ದಿನಗಳನ್ನು ಅವರು ಅದನ್ನು ನೋಡಿಕೊಂಡೇ ಗೊತ್ತುಮಾಡುತ್ತಾರೆ.