ಪೋಲೋ ಜಿಟಿ ಟಿಎಸ್‌ಐಗೆ ದೊಡ್ಡ ಬ್ರೇಕ್ ಹಾಕಿಸಬೇಕಾ?

ನಿಮ್ಮ ಫೋಕ್ಸ್‌ವ್ಯಾಗನ್ ಪೋಲೋ ಕಾರಿನಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಅರ್ಧ ದಾರಿಯಲ್ಲೇ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ, ಅದಕ್ಕೆ ಮುಂದೆ ದೊಡ್ಡ ಡಿಸ್ಕ್, ಹಿಂದೆ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಲಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ನನ್ನದೂ ಅದೇ ಗಾಡಿ, 2014ರದ್ದು. ಬೆಂಗಳೂರಿನಿಂದ ಬೆಳ್ತಂಗಡಿಗೆ ವರ್ಷಕ್ಕೆ ಏಳೆಂಟು ಸಲ ಅದೇ ಘಾಟಿ ಇಳಿಯುತ್ತೇನೆ. ನೀವು ಹೇಳಿದ್ದೆಲ್ಲ ನನಗೂ ಆಗಿದೆ.

ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದ ಮಾತು "ಮೆತ್ತಗೆ". ಬಿಸಿಗೆ ಬ್ರೇಕ್ ಸೋಲುವುದು ಎರಡು ರೀತಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ ಎಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಮಿತಿಮೀರಿ ಕಾದಿದೆ. ಪೆಡಲ್ ಹಿಟ್ಟಿನ ಮುದ್ದೆ ತುಳಿದ ಹಾಗೆ ಕೆಳಗೆ ಇಳಿಯುತ್ತದೆ ಎಂದರೆ ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಒಳಗಿನ ಬ್ರೇಕ್ ಆಯಿಲ್ ಕುದಿಯುತ್ತಿದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗಲ್ಲ, ಆದರೆ ಕುದಿದಾಗ ಏಳುವ ಆವಿಯ ಗುಳ್ಳೆ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಒತ್ತುವುದಕ್ಕೇ ಖರ್ಚಾಗುತ್ತದೆ. ಗಾಡಿ ತಣ್ಣಗಿದ್ದಾಗಲೂ ಪೆಡಲ್ ಮೆತ್ತಗಿದ್ದರೆ ಮಾತ್ರ ಬೇರೆ ವಿಷಯ. ಎಲ್ಲೋ ಲೀಕ್ ಇರಬಹುದು, ಗಾಳಿ ಸೇರಿರಬಹುದು. ಅದನ್ನು ತೋರಿಸದೆ ಘಾಟಿಗೆ ಹೋಗಲೇಬೇಡಿ.

ಆಯಿಲ್ ಅಂತ ಕರೆದರೂ ಅದು ಎಣ್ಣೆಯಲ್ಲ. ಅದರಲ್ಲಿರುವ ಗ್ಲೈಕಾಲ್ ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತಾ ಹೋಗುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕೆ ಶೇಕಡಾ 3.7ರಷ್ಟು ನೀರು ಸೇರಿದರೆ 155 ಡಿಗ್ರಿಗೇ ಕುದಿಯಬಹುದು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು. ನಾನು ನಾಲ್ಕು ವರ್ಷ ಮುಟ್ಟಿರಲಿಲ್ಲ! ಆಮೇಲೆ ಬದಲಿಸಿದರೂ ಮುಂದಿನ ಟ್ರಿಪ್ಪಿನಲ್ಲಿ ಮತ್ತೆ ಅದೇ ಕಥೆ. ವಿಚಾರಿಸಿದರೆ, ಗ್ಯಾರೇಜಿನವರು ಯಾವತ್ತೋ ತೆರೆದಿಟ್ಟ ಡಬ್ಬಿಯಿಂದ ಸುರಿದಿದ್ದರು. ಸೀಲ್ ಒಡೆಯದ ಡಬ್ಬಿ ನೀವೇ ಕೊಂಡುಹೋಗಿ, ನಿಮ್ಮ ಕಣ್ಣೆದುರೇ ತೆಗೆಸಿ. ಘಾಟಿ ಜಾಸ್ತಿ ಓಡಿಸುವವರಿಗೆ ಡಾಟ್ 5.1 ಇನ್ನೂ ಒಳ್ಳೆಯದು, ಹೊಸದರಲ್ಲಿ 260, ತೇವ ಸೇರಿದ ಮೇಲೆ 180. ಆದರೆ ಬರೀ ಡಾಟ್ 5 ಎಂದು ಬರೆದದ್ದು ಸಿಲಿಕೋನ್. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ನಮ್ಮ ಗಾಡಿಗೆ ಅದು ಆಗಿಬರಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಜನ, ಸಾಮಾನು ಸೇರಿ ಗಾಡಿಯ ತೂಕ 1,200 ಕೆಜಿ ಎಂದುಕೊಳ್ಳಿ. ನೂರರ ವೇಗದಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 460 ಕಿಲೋಜೂಲ್ ಶಾಖ. ಅದೇ ಗಾಡಿ 500 ಮೀಟರ್ ಎತ್ತರ ಇಳಿದರೆ 5,900 ಕಿಲೋಜೂಲ್ ಹತ್ತಿರ. ಅಂದರೆ ನೂರರಿಂದ ಹನ್ನೆರಡು ಹದಿಮೂರು ಸಲ ಗಕ್ಕನೆ ನಿಲ್ಲಿಸಿದಷ್ಟು. ನೀವು ನಲವತ್ತು ದಾಟದೆ ಇಳಿದರೂ ಅಷ್ಟೇ, ಆ ಶಾಖ ಎಲ್ಲಾದರೂ ಹೋಗಲೇಬೇಕು. ತಾನೇ ಗೇರ್ ಬದಲಿಸುವ ಡಿಎಸ್‌ಜಿ ಗೇರ್‌ಬಾಕ್ಸನ್ನು ಡಿಯಲ್ಲೇ (ಡ್ರೈವ್) ಬಿಟ್ಟರೆ ಅದು ಮೇಲಿನ ಗೇರಿಗೆ ಹಾರಿ ಕೂರುತ್ತದೆ, ಆಗ ಪೂರ್ತಿ ಹೊರೆ ಬ್ರೇಕಿನ ಮೇಲೆ. ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟ ಕೂಡಲೇ ಲಿವರನ್ನು ಮ್ಯಾನುಯಲ್‌ಗೆ ತಳ್ಳಿ, ಎರಡನೇ ಗೇರಿನಲ್ಲಿ ಇಳಿಯಿರಿ. ಇಂಜಿನ್ ಸ್ವಲ್ಪ ಕೂಗುತ್ತದೆ, ಕೂಗಲಿ ಬಿಡಿ. ಬ್ರೇಕನ್ನು ಉದ್ದಕ್ಕೂ ಸವರುತ್ತಾ ಹೋಗಬೇಡಿ. ತಿರುವಿಗೆ ಮುಂಚೆ ಚೆನ್ನಾಗಿ ಒತ್ತಿ, ಪೂರ್ತಿ ಬಿಡಿ. ಇಷ್ಟಕ್ಕೇ ನನ್ನ ಗಾಡಿಯ ಮುಕ್ಕಾಲು ತೊಂದರೆ ಹೋಯಿತು. ಖರ್ಚು ಸೊನ್ನೆ.

ಇಷ್ಟಾದ ಮೇಲೂ ದುಡ್ಡು ಹಾಕಬೇಕು ಅನಿಸಿದರೆ ಮುಂದಿನ ಪ್ಯಾಡ್‌ಗೆ ಹಾಕಿ. ರಸ್ತೆಗೆಂದೇ ಮಾಡಿದ ಸ್ಪೋರ್ಟ್ ಪ್ಯಾಡ್ ಸಾಕು. ರೇಸ್ ಪ್ಯಾಡ್ ಕಾಯುವವರೆಗೂ ಸರಿಯಾಗಿ ಹಿಡಿಯಲ್ಲ. ಬೆಳಗ್ಗೆ ಗೇಟಿನ ಹೊರಗೆ ನಾಯಿ ಅಡ್ಡ ಬಂದಾಗ ಅದು ಗೊತ್ತಾಗುತ್ತದೆ. ಹೊಸ ಪ್ಯಾಡ್ ಹಾಕಿದ ದಿನ ಅದು ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ ವೇಗವನ್ನು ಅರವತ್ತರಿಂದ ಹದಿನೈದಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಿ. ನಂತರ ಟೈರ್. ಜೋರಾಗಿ ಒತ್ತಿದಾಗ ಈಗಲೇ ಎಬಿಎಸ್ ಗುದ್ದುತ್ತದೆ ಅಲ್ವಾ? ಅಂದರೆ ಟೈರಿನ ಹಿಡಿತ ಅಲ್ಲಿಗೆ ಮುಗಿಯಿತು. ಡಿಸ್ಕ್ ಎಷ್ಟೇ ದೊಡ್ಡದಾದರೂ ಗಾಡಿ ಅದಕ್ಕಿಂತ ಬೇಗ ನಿಲ್ಲಲ್ಲ.

ಸ್ಟೀಲ್ ಹೆಣಿಗೆಯ ಬ್ರೇಕ್ ಪೈಪಿನಿಂದ ಪೆಡಲ್ ಬಿಗಿಯಾಗುತ್ತದೆ ನಿಜ, ಆದರೆ ಕುದಿಯುವುದು ತಪ್ಪಲ್ಲ. ತೂತು ಕೊರೆದ ಡಿಸ್ಕ್ ನೋಡಲು ಚೆನ್ನ, ತೂತಿನ ಅಂಚಿನಲ್ಲಿ ಬಿರುಕು ಬಿಡುವುದೂ ಉಂಟು. ಪ್ಯಾಡನ್ನು ಒತ್ತುವ ಕ್ಯಾಲಿಪರ್ ಮೇಲೆ ಸಿಕ್ಕಿಸುವ ಕೆಂಪು ಪ್ಲಾಸ್ಟಿಕ್ ಕವರ್ ನಾನೂ ಹಾಕಿಸಿದ್ದೆ, ನಗಬೇಡಿ. ಶಾಖ ಹೊರಹೋಗುವ ಜಾಗಕ್ಕೆ ಕಂಬಳಿ ಹೊದಿಸಿದ ಹಾಗೆ ಅದು.

ಹಿಂದಿನ ಡ್ರಮ್ ಬಿಟ್ಟುಬಿಡಿ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ. ಹಿಂದೆ ಡಿಸ್ಕ್ ಹಾಕಲು ಹೊರಟರೆ ಹ್ಯಾಂಡ್‌ಬ್ರೇಕ್, ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್, ಎಬಿಎಸ್ ಎಲ್ಲದರ ಹೊಂದಾಣಿಕೆ ಕೆಡಬಹುದು. ಗಾಡಿಯ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್, ಇನ್ಶೂರೆನ್ಸ್ ತಲೆನೋವು ಬೇರೆ. ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೆ ಆಗಾಗ ಹೋಗುವವರಾದರೆ ಮುಂದೆ ದೊಡ್ಡ ಡಿಸ್ಕಿಗೆ ಅರ್ಥವಿದೆ, ಏಕೆಂದರೆ ಅದು ಜಾಸ್ತಿ ಶಾಖ ಹಿಡಿದುಕೊಳ್ಳುತ್ತದೆ. ಆಗಲೂ ಮೊದಲು ನಿಮ್ಮ ರಿಮ್ ಅದರ ಮೇಲೆ ಕೂರುತ್ತದಾ ನೋಡಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ಅಲ್ಲಿ ಜಲಪಾತ ಕಂಡ ಕೂಡಲೇ ನಿಲ್ಲಿಸಿ ಚಕ್ರಕ್ಕೆ ನೀರು ಎರಚುವವರಿದ್ದಾರೆ. ಕಾದ ಡಿಸ್ಕ್ ಸೊಟ್ಟಗಾಗಲು ಅಷ್ಟು ಸಾಕು. ನಿಂತ ಮೇಲೆ ಪೆಡಲ್ ಒತ್ತಿ ಹಿಡಿದೂ ಇರಬೇಡಿ, ಪ್ಯಾಡ್ ಅಲ್ಲೇ ಡಿಸ್ಕಿಗೆ ಅಚ್ಚು ಬೀಳುತ್ತದೆ. ಆಮೇಲೆ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಸ್ಟೀರಿಂಗ್ ನಡುಗುತ್ತದೆ. ನನ್ನದು ಒಂದು ಜೋಡಿ ಹಾಗೇ ಹೋಯಿತು.