ಸುಣ್ಣದ ಬಕೆಟ್ಟಿನಿಂದ ಎದ್ದ ಘಾಟು

ಪ್ರಶ್ನೆ: ಮಳೆಗೆ ಮುಂಚೆ ಎರಡು ಕೆಲಸ ಒಂದೇ ಸಲ ಮುಗಿಯಲಿ ಎಂದು 20:20:0:13 ಗೊಬ್ಬರಕ್ಕೆ ಅರಳಿದ ಸುಣ್ಣ ಕಲಸಿ ಕಂಗಿನ (ಅಡಿಕೆ ಮರದ) ಬುಡಕ್ಕೆ ಹಾಕಲು ಹೊರಟೆವು. ಕಲಸುವಾಗಲೇ ಕಣ್ಣು ಉರಿದು ದೂರ ಓಡಬೇಕಾಯಿತು. ಗೊಬ್ಬರ ಹಾಳಾಗಿತ್ತೇ?
– ಓದುಗರು, ನೀರ್ಚಾಲು

ಉತ್ತರ: ಗೊಬ್ಬರ ಸರಿಯಾಗಿಯೇ ಇತ್ತು, ಕಲಸಿದ್ದೇ ತಪ್ಪು. 20:20:0:13 ಎಂದರೆ ನೂರರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕದ ಪಾಲು. ಅಮೋನಿಯಾವನ್ನು ಗಂಧಕಾಮ್ಲ, ರಂಜಕಾಮ್ಲಗಳ ಜೊತೆ ಸೇರಿಸಿ ಉಪ್ಪಾಗಿ ಕಟ್ಟಿಹಾಕಿದ ಗೊಬ್ಬರ ಅದು. ಸುಣ್ಣ ಬಿದ್ದೊಡನೆ ಆಮ್ಲವನ್ನು ಅದು ಹಿಡಿದುಕೊಂಡು ಅಮೋನಿಯಾವನ್ನು ಬಿಟ್ಟುಬಿಡುತ್ತದೆ. ಪಸೆ ಇದ್ದರೆ ಇನ್ನೂ ಬೇಗ. ರಂಜಕವೂ ಸುಣ್ಣಕ್ಕೆ ಕಚ್ಚಿಕೊಂಡು ನೀರಿಗೆ ಕರಗದಂತಾಗುತ್ತದೆ. ಒಲೆಬೂದಿ ಕಲಸಿದರೂ ಇದೇ ಕಥೆ. ನಮ್ಮ ಮುರಕಲ್ಲು ಮಣ್ಣಿನ ಹುಳಿಗೆ ಸುಣ್ಣ ಬೇಕು, ಆದರೆ ಸುಣ್ಣಕ್ಕೂ ಗೊಬ್ಬರಕ್ಕೂ ನಡುವೆ ಎರಡು ಮೂರು ವಾರ ಬಿಡಿ.

ಯೂರಿಯಾ ಇನ್ನೂ ಮೋಸದ್ದು. ಬಕೆಟ್ಟಿನಲ್ಲಿ ಅದು ನಾರುವುದಿಲ್ಲ. ಒದ್ದೆ ನೆಲದ ಮೇಲೆ, ಸೊಪ್ಪಿನ ಮೇಲೆ ಎರಚಿ ಬಿಟ್ಟರೆ ಯೂರಿಯೇಸ್ ಎಂಬ ಕಿಣ್ವ ಕೆಲವೇ ದಿನಗಳಲ್ಲಿ ಅದನ್ನು ಒಡೆಯುತ್ತದೆ. ಮಣ್ಣು ಹುಳಿಯೇ ಇರಲಿ, ಯೂರಿಯಾ ಕಾಳಿನ ಸುತ್ತ ಅಷ್ಟು ಜಾಗ ಕ್ಷಾರವಾಗಿ ಅಮೋನಿಯಾ ಹಾರಿಹೋಗುತ್ತದೆ. ಮೇಲೆ ಎರಡು ಮೂರು ಇಂಚು ಮಣ್ಣು ಮುಚ್ಚಿದರೆ ಉಳಿಯಿತು.

ಲೆಕ್ಕವನ್ನೂ ನೋಡಿ. ಫಲ ಕೊಡುವ ಕಂಗೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸು. ಜೊತೆಗೆ ಸೊಪ್ಪು, ಹಟ್ಟಿಗೊಬ್ಬರ ತಲಾ 12 ಕಿಲೋ. ಸಾರಜನಕ ಪೂರ್ತಿ 20:20ರಿಂದಲೇ ಸಿಗಲಿ ಎಂದು ಅರ್ಧ ಕಿಲೋ ಸುರಿದರೆ ರಂಜಕ ಎರಡೂವರೆ ಪಟ್ಟು ಆಗುತ್ತದೆ, ದುಡ್ಡು ದಂಡ. ಅದನ್ನು 200 ಗ್ರಾಂಗೆ ನಿಲ್ಲಿಸಿ, 130 ಗ್ರಾಂ ಯೂರಿಯಾ, 235 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸೇರಿಸಿ. ಮೂರರಲ್ಲೊಂದು ಪಾಲು ಮೇ–ಜೂನ್‌ನಲ್ಲಿ, ಉಳಿದದ್ದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಧೋ ಎಂದು ಮಳೆ ಸುರಿಯುವ ಜುಲೈಯಲ್ಲಿ ಹಾಕಿದರೆ ತೋಡಿಗೆ ಹೋಯಿತು.

ಪ್ರಶ್ನೆ: ನಮ್ಮ ಜಿಲ್ಲೆ ದಾಟಿ ಮಂಗಳೂರಿಗೆ ಹೋಗುವ ಗ್ಯಾಸ್ ಪೈಪಿನಲ್ಲಿ ಇರುವುದು ಯೂರಿಯಾದ ಗ್ಯಾಸೇ?
– ವಿದ್ಯಾರ್ಥಿನಿ, ಪೆರ್ಲ

ಉತ್ತರ: ಅಲ್ಲ, ನೈಸರ್ಗಿಕ ಅನಿಲ, ಮುಖ್ಯವಾಗಿ ಮೀಥೇನ್. ಕೊಚ್ಚಿ–ಮಂಗಳೂರು ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಪಣಂಬೂರಿನ ಗೊಬ್ಬರ ಕಾರ್ಖಾನೆ ಅದಕ್ಕೂ ಮುಂಚೆ ಕಚ್ಚಾತೈಲದಿಂದ ಸಿಗುವ ನಾಫ್ತಾದಿಂದ ನಡೆಯುತ್ತಿತ್ತು.

ಯೂರಿಯಾಕ್ಕೆ ಮೊದಲು ಅಮೋನಿಯಾ ಬೇಕು. ಅದಕ್ಕಾಗಿ ಮೀಥೇನಿಗೆ ನಿಕ್ಕಲ್ ವೇಗವರ್ಧಕದ ಮೇಲೆ ಹಬೆ ಹಾಯಿಸಿ ಹೈಡ್ರೋಜನ್ ತೆಗೆಯುತ್ತಾರೆ. ಸಾರಜನಕ ಗಾಳಿಯಿಂದ ಪುಕ್ಕಟೆ, ಆದರೆ ಅದರ ಪರಮಾಣುಗಳ ಜೋಡಿ ಬಿಡಿಸುವುದೇ ಕಷ್ಟ. ಅದಕ್ಕೇ ಕಬ್ಬಿಣದ ವೇಗವರ್ಧಕ, 400–500 ಡಿಗ್ರಿ ಸೆಲ್ಸಿಯಸ್ ಶಾಖ, ನೂರಾರು ಪಟ್ಟು ವಾಯುಭಾರ. ಇಷ್ಟಾದರೂ ಒಂದು ಸುತ್ತಿಗೆ ಅಮೋನಿಯಾ ಆಗುವುದು ಸ್ವಲ್ಪವೇ; ಅದನ್ನು ತಣಿಸಿ ದ್ರವವಾಗಿ ಇಳಿಸಿಕೊಂಡು ಉಳಿದ ಅನಿಲವನ್ನು ಪುನಃ ಒಳಗೆ ಕಳಿಸುತ್ತಾರೆ. ಜರ್ಮನಿಯ ರಸಾಯನ ವಿಜ್ಞಾನಿ ಹೇಬರ್ 1909ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಿದ್ದನ್ನು ಬಾಷ್ ಕಾರ್ಖಾನೆಯ ಮಟ್ಟಕ್ಕೆ ತಂದರು; 1913ರಲ್ಲಿ ಜರ್ಮನಿಯ ಓಪ್ಪಾವಿನಲ್ಲಿ ಉತ್ಪಾದನೆ ಶುರುವಾಯಿತು.

ಹೈಡ್ರೋಜನ್ ತೆಗೆಯುವಾಗ ಬೇರೆಯಾಗುವ ಇಂಗಾಲದ ಡೈ ಆಕ್ಸೈಡನ್ನೇ ಆಮೇಲೆ ಅಮೋನಿಯಾಕ್ಕೆ ಕೂಡಿಸಿದರೆ ಯೂರಿಯಾ. 45 ಕಿಲೋದ ಒಂದು ಚೀಲಕ್ಕೆ ಸುಮಾರು 26 ಕಿಲೋ ಅಮೋನಿಯಾ ಬೇಕು. ಚೀಲದಲ್ಲಿರುವ ಸಾರಜನಕ 20.7 ಕಿಲೋ, ಅಂದರೆ ಇನ್ನೂರು ಕಂಗಿಗೆ ಒಂದು ವರ್ಷದ ಪಾಲು.

ಪ್ರಶ್ನೆ: ಚೀಲದಲ್ಲೇ ಗಟ್ಟಿಯಾದ ಯೂರಿಯಾ ಬಳಸಬಹುದೇ?
– ಓದುಗರು, ಮುಳ್ಳೇರಿಯ

ಉತ್ತರ: ಧಾರಾಳವಾಗಿ. ಪುಡಿಮಾಡಿ ಹಾಕಿ, ಸತ್ವ ಹೋಗಿರುವುದಿಲ್ಲ. ಚೀಲದಿಂದ ನೀರು ತೊಟ್ಟಿಕ್ಕಿದ್ದರೆ ಮಾತ್ರ ಅಷ್ಟು ನಷ್ಟ. ಮುಂದಿನ ಸಲ ನೆಲಕ್ಕೆ ಹಲಗೆ ಇಟ್ಟು, ಗೋಡೆಗೆ ತಾಗದಂತೆ ಪೇರಿಸಿ.